ಕಲಿಸುತ್ತಾ ಚಿತ್ರಿಸಿದ ಚರಿತ್ರೆ: ಗುಲಾಮ್ ಮೊಹಮ್ಮದ್ ಶೇಖ್ ಅವರ ಕಲಾಪ್ರಪಂಚ

ಸ್ವಾತಂತ್ರ್ಯಾನಂತರದ ಭಾರತೀಯ ಕಲಾಲೋಕದಲ್ಲಿ ಚಿತ್ರ ಬರೆಯುವವರೂ ಚಿತ್ರಗಳ ಚರಿತ್ರೆಯನ್ನು ಬರೆಯುವವರೂ ಬಹುಮಟ್ಟಿಗೆ ಬೇರೆ ಬೇರೆ ಕೋಣೆಗಳಲ್ಲಿ ಕುಳಿತೇ ಕೆಲಸ ಮಾಡುತ್ತಾ ಬಂದಿದ್ದಾರೆ. ಒಬ್ಬರ ಮೇಜಿನ ಮೇಲೆ ಬಣ್ಣ, ಕುಂಚಗಳು ಹರಡಿಕೊಂಡಿದ್ದರೆ ಇನ್ನೊಬ್ಬರ ಮೇಜಿನ ಮೇಲೆ ಗ್ರಂಥಗಳು, ಛಾಯಾಚಿತ್ರಗಳು, ಟಿಪ್ಪಣಿಗಳು ಪೇರಿಸಿಕೊಂಡಿರುತ್ತವೆ. ಈ ಎರಡು ಮೇಜುಗಳನ್ನೂ ಒಂದೇ ಕೋಣೆಗೆ ತಂದಿಟ್ಟುಕೊಂಡು ಆರು ದಶಕಗಳಿಗೂ ಹೆಚ್ಚು ಕಾಲ ದುಡಿದ ವಿರಳ ಕಲಾವಿದರಲ್ಲಿ ಗುಲಾಮ್ ಮೊಹಮ್ಮದ್ ಶೇಖ್ ಅಗ್ರಗಣ್ಯರು. ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ನಿಕಾಯದಲ್ಲಿ ಅವರು 1960ರಿಂದ 1963ರವರೆಗೆ ಮತ್ತು 1967ರಿಂದ 1981ರವರೆಗೆ ಕಲಾ ಇತಿಹಾಸವನ್ನು ಬೋಧಿಸಿದರು. 1982ರಿಂದ 1993ರವರೆಗೆ ಅದೇ ನಿಕಾಯದಲ್ಲಿ ಚಿತ್ರಕಲೆಯ ಪ್ರಾಧ್ಯಾಪಕರಾಗಿದ್ದರು. ಅಂದರೆ ಚಿತ್ರಕಾರರೆಂದು ದೇಶ ಗುರುತಿಸಿದ ವ್ಯಕ್ತಿಯೊಬ್ಬರು ತಮ್ಮ ಅಧ್ಯಾಪನ ಜೀವನದ ದೊಡ್ಡ ಭಾಗವನ್ನು ಬೇರೆಯವರ ಚಿತ್ರಗಳನ್ನು ನೋಡುವುದು ಹೇಗೆಂದು ಕಲಿಸುವುದಕ್ಕೇ ಮೀಸಲಿಟ್ಟಿದ್ದರು.

ಇಂಥ ಎರಡು ಕಸುಬುಗಳು ಒಬ್ಬರಲ್ಲೇ ಕೂಡಿದಾಗ ಒಂದು ಇನ್ನೊಂದರ ಕಾಲವನ್ನು ಕಸಿಯುತ್ತದೆಂಬ ಮಾತು ಕಲಾಶಾಲೆಗಳಲ್ಲಿ ಆಗಾಗ ಕೇಳಿಬರುತ್ತದೆ. ಶೇಖ್ ಅವರ ಕೃತಿಗಳನ್ನು ಕಾಲಾನುಕ್ರಮದಲ್ಲಿ ನೋಡುತ್ತಾ ಹೋದರೆ ಈ ಮಾತು ನಿಲ್ಲುವುದಿಲ್ಲ. ಅವರು ತರಗತಿಯಲ್ಲಿ ವಿವರಿಸಿದ ಮೊಘಲ್ ಪುಟಗಳು, ಇಟಲಿಯ ಭಿತ್ತಿಚಿತ್ರಗಳು, ರಾಜಸ್ಥಾನದ ಜನಪದ ಪೆಟ್ಟಿಗೆಗಳು ಅವರ ಕ್ಯಾನ್ವಾಸಿನೊಳಕ್ಕೆ ಬಂದು ನೆಲೆಸಿದವು. ಕ್ಯಾನ್ವಾಸಿನ ಮುಂದೆ ನಿಂತು ಅವರು ಎದುರಿಸಿದ ಸಮಸ್ಯೆಗಳು ಹಳೆಯ ಚಿತ್ರಗಳನ್ನು ಹೊಸದಾಗಿ ಓದುವ ಕಣ್ಣನ್ನು ಅವರಿಗೆ ಕೊಟ್ಟವು. ಕಲೆಯ ಚರಿತ್ರೆಯೆಂದರೆ ಮುಗಿದುಹೋದ ಶೈಲಿಗಳ ಪಟ್ಟಿಯಲ್ಲ, ಇಂದಿನ ಕಲಾವಿದ ಬಾಗಿಲು ತಟ್ಟಿ ಒಳಹೋಗಬಹುದಾದ ನೆರೆಮನೆಗಳ ಬೀದಿ ಎಂಬ ನಿಲುವೇ ಅವರ ಪಾಠಕ್ಕೂ ಚಿತ್ರಕ್ಕೂ ತಳಹದಿಯಾಗಿದೆ.

ಸುರೇಂದ್ರನಗರದಿಂದ ಬರೋಡಾಕ್ಕೆ

ಶೇಖ್ ಹುಟ್ಟಿದ್ದು 1937ರಲ್ಲಿ, ಗುಜರಾತಿನ ಸೌರಾಷ್ಟ್ರ ಭಾಗದ ಸುರೇಂದ್ರನಗರದಲ್ಲಿ. ಮನೆಯ ಧರ್ಮದಂತೆ ಕುರಾನ್ ಕಲಿಯುತ್ತಿದ್ದ ಹುಡುಗ ಶಾಲೆಯಲ್ಲಿ ಸಂಸ್ಕೃತವನ್ನೂ ಕಲಿತ. ಗುಜರಾತಿ ಸಾಹಿತ್ಯವನ್ನು ಓದುತ್ತಾ ಎಳೆಯ ವಯಸ್ಸಿನಲ್ಲೇ ಪದ್ಯ ಬರೆಯತೊಡಗಿದ. ಒಂದೇ ದಿನದಲ್ಲಿ ಹಲವು ಭಾಷೆಗಳ, ಹಲವು ನಂಬಿಕೆಗಳ, ಹಲವು ಕಾಲಮಾನಗಳ ನಡುವೆ ಓಡಾಡಿಕೊಂಡಿರುವುದು ಭಾರತದ ಸಣ್ಣ ಊರುಗಳಲ್ಲಿ ಯಾರಿಗೂ ವಿಶೇಷವೆನಿಸದ ಸಂಗತಿ. ಮುಂದೆ ಶೇಖ್ ಈ ಸಹಜ ಅನುಭವವನ್ನೇ ಒಂದು ಕಲಾಸಿದ್ಧಾಂತದ ಮಟ್ಟಕ್ಕೆ ಏರಿಸಿದರು. ಭಾರತದಲ್ಲಿ ಬದುಕುವುದೆಂದರೆ ಏಕಕಾಲಕ್ಕೆ ಅನೇಕ ಸಂಸ್ಕೃತಿಗಳಲ್ಲಿ, ಅನೇಕ ಕಾಲಗಳಲ್ಲಿ ಬದುಕುವುದೇ ಆಗಿದೆ ಎಂಬ ಚಿಂತನೆಯನ್ನು ಅವರು ತಮ್ಮ ಪ್ರಬಂಧಗಳಲ್ಲಿ ವಿಸ್ತರಿಸಿದ್ದಾರೆ, ಮತ್ತು ಅವರ ಚಿತ್ರಗಳ ರಚನೆಯ ಗುಟ್ಟು ಕೂಡ ಅಲ್ಲೇ ಇದೆ.

1955ರಲ್ಲಿ ಅವರು ವಿದ್ಯಾರ್ಥಿಯಾಗಿ ಬರೋಡಾಕ್ಕೆ ಬಂದರು. ಆ ನಗರಕ್ಕೆ ಕಲೆಯ ಹಿನ್ನೆಲೆ ಹೊಸದೇನೂ ಆಗಿರಲಿಲ್ಲ. ಮೂರನೆಯ ಸಯಾಜಿರಾವ್ ಗಾಯಕ್ವಾಡ್ ಅವರ ಆಳ್ವಿಕೆಯಲ್ಲಿ ರಾಜಾ ರವಿವರ್ಮ ಅರಮನೆಗಾಗಿ ಪುರಾಣ ಚಿತ್ರಗಳನ್ನು ಬರೆದಿದ್ದರು. ಕೀರ್ತಿ ಮಂದಿರದ ಗೋಡೆಗಳ ಮೇಲೆ ಶಾಂತಿನಿಕೇತನದ ನಂದಲಾಲ್ ಬೋಸ್ ಭಿತ್ತಿಚಿತ್ರಗಳನ್ನು ರಚಿಸಿದ್ದರು. 1950ರಲ್ಲಿ, ಹಂಸಾ ಮೆಹತಾ ಅವರು ಕುಲಪತಿಯಾಗಿದ್ದಾಗ ಆರಂಭವಾದ ಲಲಿತಕಲಾ ನಿಕಾಯವು ಈ ಪರಂಪರೆಗೆ ಹೊಸ ತಿರುವು ಕೊಟ್ಟಿತು. ಬ್ರಿಟಿಷರ ಕಾಲದ ಕಲಾಶಾಲೆಗಳು ಕೈಗೆಲಸದ ತರಬೇತಿಯನ್ನು ಮುಖ್ಯವಾಗಿಟ್ಟುಕೊಂಡು ಡಿಪ್ಲೊಮಾ ನೀಡುತ್ತಿದ್ದರೆ, ಬರೋಡಾದಲ್ಲಿ ಕಲೆಯು ವಿಶ್ವವಿದ್ಯಾಲಯದ ಪದವಿಯ ವಿಷಯವಾಯಿತು. ಚಿತ್ರಕಲೆ, ಶಿಲ್ಪಕಲೆಗಳ ಜತೆಗೆ ಕಲಾ ಇತಿಹಾಸ ಮತ್ತು ಸೌಂದರ್ಯಶಾಸ್ತ್ರ, ಅಂದರೆ ಕಲೆ ಹೇಗೆ ಬೆಳೆದುಬಂತು ಮತ್ತು ಅದು ನಮ್ಮನ್ನು ಹೇಗೆ ತಟ್ಟುತ್ತದೆ ಎಂಬುದರ ವ್ಯವಸ್ಥಿತ ಅಧ್ಯಯನ, ಪಠ್ಯಕ್ರಮದ ಅವಿಭಾಜ್ಯ ಅಂಗವಾಯಿತು. ಕಲಾವಿದನಾಗಬಯಸುವವನು ಕೈಯನ್ನು ಪಳಗಿಸಿದರೆ ಸಾಲದು, ಕಣ್ಣು ಮತ್ತು ಬುದ್ಧಿಯನ್ನೂ ಪಳಗಿಸಬೇಕೆಂಬ ತತ್ವ ಇದರ ಹಿಂದಿತ್ತು.

ಎನ್.ಎಸ್. ಬೇಂದ್ರೆ ಚಿತ್ರಕಲೆಯನ್ನು, ಶಂಖೋ ಚೌಧುರಿ ಶಿಲ್ಪಕಲೆಯನ್ನು ಕಲಿಸುತ್ತಿದ್ದ ಆ ನಿಕಾಯದಲ್ಲಿ, ಶಾಂತಿನಿಕೇತನದಲ್ಲಿ ಕಲಿತು ಬಂದಿದ್ದ ಕೆ.ಜಿ. ಸುಬ್ರಹ್ಮಣ್ಯನ್ ಅವರ ಚಿಂತನೆ ಹೊಸ ತಲೆಮಾರಿನ ಮೇಲೆ ಗಾಢ ಪರಿಣಾಮ ಬೀರಿತು. ಪರಂಪರೆಯನ್ನು ಪೂಜಿಸುವುದಾಗಲಿ ತಿರಸ್ಕರಿಸುವುದಾಗಲಿ ಬೇಡ, ಅದು ಇಂದಿಗೂ ಕುಂಬಾರರ, ನೇಕಾರರ, ಗೊಂಬೆ ಮಾಡುವವರ ಕೈಗಳಲ್ಲಿ ಜೀವಂತವಾಗಿರುವ ಒಂದು ಭಾಷೆಯೆಂದು ತಿಳಿದು ಅದರೊಡನೆ ಮಾತಿಗಿಳಿಯಬೇಕೆಂಬುದು ಅವರ ನಿಲುವಾಗಿತ್ತು. ಶೇಖ್ ತಮ್ಮ ಓದು ಮುಗಿಯುವ ಹೊತ್ತಿಗೇ, 1960ರಲ್ಲಿ, ಕಲಾ ಇತಿಹಾಸದ ತರಗತಿಯಲ್ಲಿ ಅಧ್ಯಾಪಕರಾಗಿ ನಿಂತರು. 1962ರಲ್ಲಿ ಅವರ ಚಿತ್ರಕ್ಕೆ ಲಲಿತಕಲಾ ಅಕಾಡೆಮಿಯ ರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ವರ್ಷ ಭಾವನಗರದ ಮನೆಯೊಂದರಲ್ಲಿ ಸೇರಿದ ಕಲಾವಿದರು, ಆ ಮನೆಯ ಸಂಖ್ಯೆಯನ್ನೇ ಹೆಸರಾಗಿಸಿಕೊಂಡು ‘ಗ್ರೂಪ್ 1890’ ಎಂಬ ಬಳಗವನ್ನು ಕಟ್ಟಿದರು, ಜೆ. ಸ್ವಾಮಿನಾಥನ್ ಮುಂದಾಳತ್ವದ ಹನ್ನೆರಡು ಮಂದಿಯ ಈ ಬಳಗದಲ್ಲಿ ಶೇಖ್ ಅವರೂ ಇದ್ದರು. 1963ರಲ್ಲಿ ದೆಹಲಿಯಲ್ಲಿ ನಡೆದ ಬಳಗದ ಏಕೈಕ ಪ್ರದರ್ಶನವನ್ನು ಜವಾಹರಲಾಲ್ ನೆಹರೂ ಉದ್ಘಾಟಿಸಿದರು, ಕವಿ ಒಕ್ತಾವಿಯೊ ಪಾಜ್ ಅದರ ಕೈಪಿಡಿಗೆ ಬರೆದರು.

ಲಂಡನ್ನಿನಲ್ಲಿ ಕಂಡ ಅಕ್ಬರನ ಪುಟಗಳು

1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಶೇಖ್ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಸೇರಿದರು ಮತ್ತು 1966ರವರೆಗೆ ಅಲ್ಲಿದ್ದರು. ಆ ಕಾಲೇಜಿಗೆ ಹತ್ತಿರದಲ್ಲೇ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯವಿದೆ. ಭಾರತದಲ್ಲಿದ್ದಾಗ ಬಹುತೇಕ ಪುಸ್ತಕಗಳ ಮುದ್ರಿತ ಪುಟಗಳಲ್ಲಿ ಮಾತ್ರ ನೋಡಲು ಸಿಗುತ್ತಿದ್ದ ಮೊಘಲ್ ಚಿತ್ರಗಳು ಅಲ್ಲಿ ಮೂಲರೂಪದಲ್ಲಿ ಕಣ್ಣೆದುರು ಇದ್ದವು. ವಸಾಹತುಶಾಹಿಯ ದೆಸೆಯಿಂದ ತಾಯ್ನಾಡನ್ನು ಬಿಟ್ಟುಹೋದ ಚಿತ್ರಗಳನ್ನು ತಾಯ್ನಾಡಿನ ಕಲಾವಿದನೊಬ್ಬ ಪರದೇಶದಲ್ಲಿ ಕಂಡು ತನ್ನದನ್ನು ಗುರುತಿಸಿಕೊಳ್ಳಬೇಕಾಗಿ ಬಂದದ್ದು ನಮ್ಮ ಕಲಾಚರಿತ್ರೆಯ ನೋವಿನ ಸಂಗತಿಗಳಲ್ಲೊಂದು; ಆದರೆ ಆ ಭೇಟಿಯಿಂದಲೇ ಶೇಖ್ ಅವರ ಮುಂದಿನ ದಾರಿ ತೆರೆದುಕೊಂಡಿತು.

ಆ ಸಂಗ್ರಹಾಲಯದಲ್ಲಿರುವ ‘ಅಕ್ಬರ್‌ನಾಮಾ’ ಹಸ್ತಪ್ರತಿಯ ಒಂದು ಜೋಡಿಪುಟವನ್ನು ಗಮನಿಸಿದರೆ ಈ ಚಿತ್ರಗಳು ಕಲಾವಿದನೊಬ್ಬನಿಗೆ ಏನನ್ನು ಕಲಿಸಬಲ್ಲವು ಎಂಬುದು ಸ್ಪಷ್ಟವಾಗುತ್ತದೆ. 1561ರಲ್ಲಿ ಹದಿಹರೆಯದ ಅಕ್ಬರ್ ‘ಹವಾಯಿ’ ಎಂಬ ಮದ್ದಾನೆಯನ್ನೇರಿ, ಇನ್ನೊಂದು ಆನೆಯನ್ನು ಬೆನ್ನಟ್ಟಿಕೊಂಡು ಆಗ್ರಾದ ಯಮುನೆಯ ದೋಣಿಸೇತುವೆಯ ಮೇಲೆ ನುಗ್ಗಿದ ಪ್ರಸಂಗವನ್ನು ಬಸಾವನ್ ಎಂಬ ಮಹಾ ಚಿತ್ರಕಾರ ಇಲ್ಲಿ ರಚಿಸಿದ್ದಾನೆ. ಆನೆಗಳ ಭಾರಕ್ಕೆ ದೋಣಿಗಳು ವಾಲುತ್ತಿವೆ, ಜನ ನೀರಿಗೆ ಬೀಳುತ್ತಿದ್ದಾರೆ, ದಡದಲ್ಲಿ ನಿಂತವರು ಕೈಯೆತ್ತಿ ಕೂಗುತ್ತಿದ್ದಾರೆ, ಕೋಟೆಯ ಬಾಗಿಲಿನ ಬಳಿ ಗಾಬರಿ ಹಬ್ಬಿದೆ. ಇವೆಲ್ಲವನ್ನೂ ಒಂದೇ ಜಾಗದಲ್ಲಿ ನಿಂತ ಒಬ್ಬ ಮನುಷ್ಯ ಒಮ್ಮೆಲೇ ನೋಡಲಾರ. ನದಿಯನ್ನು ಮೇಲಿನಿಂದ, ಆನೆಯನ್ನು ಪಕ್ಕದಿಂದ, ಕೋಟೆಯನ್ನು ಎದುರಿನಿಂದ ನೋಡುತ್ತಾ ಕಣ್ಣು ಪುಟದುದ್ದಕ್ಕೂ ನಡೆಯಬೇಕು.

ಯೂರೋಪಿನ ಪುನರುಜ್ಜೀವನ ಕಾಲದಲ್ಲಿ ರೂಪುಗೊಂಡು, ವಸಾಹತು ಕಾಲದ ಕಲಾಶಾಲೆಗಳ ಮೂಲಕ ಭಾರತಕ್ಕೆ ಬಂದ ಪರ್ಸ್ಪೆಕ್ಟಿವ್ ಪದ್ಧತಿಯು ಇದಕ್ಕಿಂತ ಬೇರೆಯದು. ನೋಡುಗ ಒಂದೇ ಬಿಂದುವಿನಲ್ಲಿ ನಿಂತಿದ್ದಾನೆಂದು ಭಾವಿಸಿಕೊಂಡು, ಹತ್ತಿರದ್ದನ್ನು ದೊಡ್ಡದಾಗಿಯೂ ದೂರದ್ದನ್ನು ಸಣ್ಣದಾಗಿಯೂ ಗಣಿತದ ಲೆಕ್ಕದಲ್ಲಿ ತೋರಿಸುವ ಆ ವಿಧಾನದಲ್ಲಿ ಚಿತ್ರವು ಕಿಟಕಿಯಂತೆ. ಕಿಟಕಿಯಾಚೆಗಿನ ಒಂದು ಕ್ಷಣ ಮಾತ್ರ ಕಾಣುತ್ತದೆ. ಮೊಘಲ್ ಮಿನಿಯೇಚರ್, ಅಂದರೆ ಪುಸ್ತಕದ ಪುಟದ ಅಳತೆಯಲ್ಲಿ ಸೂಕ್ಷ್ಮವಾಗಿ ಬರೆದ ಚಿತ್ರ, ಬೀದಿಯಂತೆ; ಅಲ್ಲಿ ನಡೆದಾಡುತ್ತಾ ಹೋದಂತೆ ಒಂದಾದ ಮೇಲೊಂದು ನೋಟ ತೆರೆದುಕೊಳ್ಳುತ್ತದೆ. ಈ ಅಲೆದಾಡುವ ದೃಷ್ಟಿಯನ್ನು ಶೇಖ್ 1983ರಲ್ಲಿ ಪ್ರಕಟವಾದ ತಮ್ಮ ಮುಖ್ಯ ಪ್ರಬಂಧವೊಂದರಲ್ಲಿ ‘ಚಲನಶೀಲ ದೃಷ್ಟಿ’ ಎಂಬರ್ಥದ ಹೆಸರಿಟ್ಟು ಚರ್ಚಿಸಿದರು. ಇದನ್ನು ಪರ್ಸ್ಪೆಕ್ಟಿವ್ ತಿಳಿಯದವರ ಕೊರತೆಯೆಂದು ವಿವರಿಸುತ್ತಿದ್ದ ಹಳೆಯ ಕಲಾ ಇತಿಹಾಸಕ್ಕೆ ಇಂಥ ಚಿಂತನೆ ಉತ್ತರವಾಯಿತು. ಕಾಲವನ್ನೂ ಸ್ಥಳವನ್ನೂ ಬೇರೆಯಾಗಿ ಅರಿತವರು ಬೇರೆಯಾಗಿ ಚಿತ್ರಿಸಿದರು, ಅದು ಅವರ ಆಯ್ಕೆಯಾಗಿತ್ತು ಎಂಬ ತಿಳಿವಳಿಕೆಗೆ ಅದು ದಾರಿಮಾಡಿತು.

ಲಂಡನ್ನಿನಲ್ಲಿದ್ದ ಅವಧಿಯ ಇಟಲಿ ಪ್ರವಾಸ ಅವರಿಗೆ ಇನ್ನೊಂದು ಪಾಠವನ್ನು ಕಲಿಸಿತು. ಸಿಯೆನಾ ನಗರದ ಪುರಭವನದಲ್ಲಿ ಆಂಬ್ರೋಜೊ ಲೊರೆಂಜೆಟ್ಟಿ 1338–39ರಲ್ಲಿ ಬರೆದ ಭಿತ್ತಿಚಿತ್ರಗಳು ಒಳ್ಳೆಯ ಆಡಳಿತ ಮತ್ತು ಕೆಟ್ಟ ಆಡಳಿತಗಳಿಂದ ಒಂದು ಊರಿಗೆ ಏನಾಗುತ್ತದೆ ಎಂಬುದನ್ನು ತೋರಿಸುತ್ತವೆ. ಒಳ್ಳೆಯ ಆಡಳಿತದ ಗೋಡೆಯ ಮೇಲೆ ಮನೆ ಕಟ್ಟುವ ಗಾರೆಯವರು, ಚಮ್ಮಾರನ ಅಂಗಡಿ, ಪಾಠ ಹೇಳುತ್ತಿರುವ ಗುರು, ಬೀದಿಯಲ್ಲಿ ಕುಣಿಯುವವರು, ಊರ ಗೋಡೆಯಾಚೆ ಉಳುವ ಬಿತ್ತುವ ರೈತರು ಎಲ್ಲರೂ ಇದ್ದಾರೆ. ಎದುರು ಗೋಡೆಯಲ್ಲಿ ಊರು ಪಾಳುಬಿದ್ದಿದೆ. ಪರ್ಸ್ಪೆಕ್ಟಿವ್ ನಿಯಮಗಳು ಬಿಗಿಯಾಗುವ ಮುನ್ನ ಯೂರೋಪಿನ ಚಿತ್ರಕಾರರೂ ಅಲೆದಾಡುವ ಕಣ್ಣಿನಿಂದಲೇ ಊರನ್ನು ನೋಡಿದ್ದರು ಎಂಬ ಅರಿವು ಇಲ್ಲಿ ಸಿಗುತ್ತದೆ. ಹೀಗೆ ಪೂರ್ವ, ಪಶ್ಚಿಮಗಳೆಂಬ ಗೆರೆ ಶೇಖ್ ಅವರ ಮನಸ್ಸಿನಲ್ಲಿ ಅಳಿಸಿ, ಸಿಯೆನಾದ ಗೋಡೆ ಮತ್ತು ಆಗ್ರಾದ ಪುಟ ಒಂದೇ ಓಣಿಯ ಎರಡು ಮನೆಗಳಾದವು.

ಮನೆಗೆ ಮರಳುವಿಕೆ

ಭಾರತಕ್ಕೆ ಮರಳಿ 1967ರಲ್ಲಿ ಮತ್ತೆ ಬರೋಡಾದ ತರಗತಿಗೆ ಬಂದ ಶೇಖ್, ಒಂದೇ ಚಿತ್ರವನ್ನು ಪೂರ್ಣಗೊಳಿಸಲು 1969ರಿಂದ 1973ರವರೆಗೆ ಸಮಯ ತೆಗೆದುಕೊಂಡರು. ‘ಬಹುಕಾಲದ ನಂತರ ಮನೆಗೆ ಮರಳಿ’ ಎಂದು ಅನುವಾದಿಸಬಹುದಾದ ಶೀರ್ಷಿಕೆಯ ಆ ತೈಲವರ್ಣ ಚಿತ್ರದ ಕೆಳಭಾಗದಲ್ಲಿ ತಾಯಿಯ ಭಾವಚಿತ್ರವಿದೆ. ಹಿಂದೆ ಸಣ್ಣ ಊರಿನ ಮನೆಗಳು, ಮಸೀದಿ, ಗೋಡೆಗಳಿವೆ. ಮೇಲಿನ ಆಕಾಶದಲ್ಲಿ ಪರ್ಷಿಯನ್ ಚಿತ್ರಪರಂಪರೆಯಿಂದ ಹಾರಿಬಂದ ದೇವದೂತರಿದ್ದಾರೆ. ಫೋಟೊ ಸ್ಟುಡಿಯೊದ ನಿಶ್ಚಲತೆ, ನೆನಪಿನ ಊರು, ಹಳೆಯ ಹಸ್ತಪ್ರತಿಯ ಸ್ವರ್ಗ ಈ ಮೂರೂ ಒಂದರ ಮೇಲೊಂದು ನಿಂತಿದ್ದರೂ ಒಂದು ಇನ್ನೊಂದನ್ನು ಅಲ್ಲಗಳೆಯುವುದಿಲ್ಲ. ಅಮೂರ್ತ ಕಲೆ, ಎಂದರೆ ಗುರುತಿಸಬಲ್ಲ ರೂಪಗಳನ್ನು ಬಿಟ್ಟು ಬಣ್ಣ ಮತ್ತು ಆಕಾರಗಳನ್ನೇ ನೆಚ್ಚುವ ಕಲೆ, ಆಧುನಿಕತೆಯ ಲಕ್ಷಣವೆಂದು ಅನೇಕರು ನಂಬಿದ್ದ ಕಾಲದಲ್ಲಿ, ತಾಯಿ, ಮನೆ, ಓಣಿಗಳನ್ನು ಕ್ಯಾನ್ವಾಸಿಗೆ ತರುವುದಕ್ಕೆ ಧೈರ್ಯವೂ ಬೇಕಿತ್ತು, ಅದಕ್ಕೆ ಬೆಂಬಲವಾಗುವ ಚರಿತ್ರೆಯ ತಿಳಿವೂ ಬೇಕಿತ್ತು.

ಆ ವರ್ಷಗಳಲ್ಲೇ ಅವರು ಗೆಳೆಯ ಭೂಪೇನ್ ಖಾಖರ್ ಅವರೊಡನೆ ಸೇರಿ ‘ವೃಶ್ಚಿಕ್’ ಎಂಬ ಸಣ್ಣ ಪತ್ರಿಕೆಯನ್ನು ಹೊರತಂದರು. ಲೆಕ್ಕಪತ್ರದ ವೃತ್ತಿಯಲ್ಲಿ ತರಬೇತಾಗಿದ್ದ ಖಾಖರ್ ಮುಂಬೈಯಿಂದ ಬರೋಡಾಕ್ಕೆ ಬಂದು ಕಲಾವಿಮರ್ಶೆಯ ಕೋರ್ಸು ಸೇರಿದ್ದರ ಹಿಂದೆ ಶೇಖ್ ಅವರ ಒತ್ತಾಸೆಯಿತ್ತು. 1969ರಿಂದ 1973ರವರೆಗೆ ನಡೆದ ಈ ಪತ್ರಿಕೆಯಲ್ಲಿ ಕವಿತೆ, ಅನುವಾದ, ಚರ್ಚೆ, ಕಲಾವಿದರ ಮುದ್ರಣಚಿತ್ರಗಳು ಒಟ್ಟೊಟ್ಟಾಗಿ ಬರುತ್ತಿದ್ದವು. ಭಕ್ತಿಪಂಥದ ಸಂತಕವಿಗಳಿಗೆ ಅದು ಜಾಗ ಕೊಟ್ಟಿತು, ಲಲಿತಕಲಾ ಅಕಾಡೆಮಿಯ ಆಡಳಿತದಲ್ಲಿ ಸುಧಾರಣೆ ಆಗಬೇಕೆಂಬ ಕಲಾವಿದರ ಒತ್ತಾಯಕ್ಕೆ ವೇದಿಕೆಯಾಯಿತು. 1971ರಲ್ಲಿ ಶೇಖ್ ಅವರನ್ನು ವಿವಾಹವಾದ ನೀಲಿಮಾ ಅವರು ದೆಹಲಿಯಲ್ಲಿ ಇತಿಹಾಸವನ್ನು, ಬರೋಡಾದಲ್ಲಿ ಚಿತ್ರಕಲೆಯನ್ನು ಓದಿ, ಸಾಂಪ್ರದಾಯಿಕ ಚಿತ್ರವಿಧಾನಗಳನ್ನು ಆಳವಾಗಿ ಅಧ್ಯಯನ ಮಾಡಿ ತಮ್ಮದೇ ದಾರಿಯಲ್ಲಿ ದೇಶದ ಮುಖ್ಯ ಕಲಾವಿದೆಯಾಗಿ ಬೆಳೆದರು. ಚರಿತ್ರೆ ಮತ್ತು ಚಿತ್ರಗಳು ಜತೆಯಾಗಿರುವ ಬದುಕು ಹೀಗೆ ಆ ಮನೆಯಲ್ಲೂ ನಡೆಯಿತು.

ಮಾತಾಡುವ ಬೀದಿ, ಮಾರಾಟಕ್ಕಿಟ್ಟ ನಗರ

1981ರಲ್ಲಿ ಮುಂಬೈ ಮತ್ತು ದೆಹಲಿಗಳಲ್ಲಿ ನಡೆದ ‘ಪ್ಲೇಸ್ ಫಾರ್ ಪೀಪಲ್’ ಪ್ರದರ್ಶನ ಆಧುನಿಕ ಭಾರತೀಯ ಕಲೆಯ ಗತಿಯನ್ನು ಬದಲಿಸಿದ ಘಟನೆಗಳಲ್ಲಿ ಒಂದು. ಶೇಖ್, ಭೂಪೇನ್ ಖಾಖರ್, ಜೋಗೆನ್ ಚೌಧುರಿ, ನಳಿನಿ ಮಲಾನಿ, ಸುಧೀರ್ ಪಟವರ್ಧನ್ ಮತ್ತು ವಿವಾನ್ ಸುಂದರಂ ಇದರಲ್ಲಿ ಭಾಗವಹಿಸಿದರು. ಕಲಾವಿಮರ್ಶಕಿ ಗೀತಾ ಕಪೂರ್ ಇದಕ್ಕೆ ಜತೆಯಾಗಿ ಪ್ರಬಂಧ ಬರೆದರು. ಜನರಿಗೆ ಜಾಗ ಎಂಬ ಅರ್ಥದ ಶೀರ್ಷಿಕೆಯೇ ಸೂಚಿಸುವಂತೆ, ಚಿತ್ರದೊಳಗೆ ಮನುಷ್ಯರಿಗೆ, ಅವರ ಊರಿಗೆ, ಅವರ ಕಥೆಗೆ ಮತ್ತೆ ಸ್ಥಾನ ಕೊಡುವ ಉದ್ದೇಶ ಇದರದಾಗಿತ್ತು. ಇಂಥ ಚಿತ್ರಗಳನ್ನು ಕಥನಚಿತ್ರಗಳೆನ್ನುತ್ತಾರೆ; ಒಂದೇ ಚೌಕಟ್ಟಿನಲ್ಲಿ ಹಲವು ಘಟನೆಗಳನ್ನು ಹೇಳುವ ಈ ಕ್ರಮ ಅಜಂತಾದ ಗೋಡೆಗಳಿಂದ ಹಿಡಿದು ಊರೂರು ತಿರುಗುವ ಪಟಕಥೆಗಾರರವರೆಗೆ ನಮ್ಮಲ್ಲಿ ಹಬ್ಬಿರುವಂಥದು.

ಅದೇ ವರ್ಷದ ‘ಮಾತಾಡುವ ಬೀದಿ’ ಎಂಬರ್ಥದ ಚಿತ್ರದಲ್ಲಿ ಶೇಖ್ ತಮ್ಮ ಬಾಲ್ಯದ ಓಣಿಯನ್ನು ಕಟ್ಟಿದ್ದಾರೆ. ಮನೆಗಳ ಗೋಡೆಗಳು ತೆರೆದುಕೊಂಡು ಒಳಗಿನ ಬದುಕು ಕಾಣುತ್ತದೆ. ಮಸೀದಿ, ಕಿಟಕಿ, ಜಗಲಿ, ಬೀದಿಯಲ್ಲಿ ಹೋಗುವವರು ಎಲ್ಲರೂ ತಮ್ಮ ತಮ್ಮ ಕಥೆಯನ್ನು ಏಕಕಾಲಕ್ಕೆ ಹೇಳುತ್ತಿರುತ್ತಾರೆ. ಮೊಘಲ್ ಚಿತ್ರಕಾರ ಕೋಟೆಯ ಒಳಹೊರಗನ್ನು ಒಟ್ಟಿಗೆ ತೋರಿಸಲು ಬಳಸಿದ ಉಪಾಯವೇ ಇಲ್ಲಿ ಒಂದು ಬಡ ಓಣಿಯ ಸೇವೆಗೆ ಬಂದಿದೆ. ಅರಸರ ಸಾಹಸಗಳನ್ನು ಹೇಳಲು ರೂಪುಗೊಂಡ ಭಾಷೆಯಲ್ಲಿ ಸಾಮಾನ್ಯರ ನಿತ್ಯದ ಬದುಕನ್ನು ಹೇಳಿದ್ದು ಶೇಖ್ ಅವರ ಬಹುಮುಖ್ಯ ಸಾಧನೆ, ಮತ್ತು ಆ ಭಾಷೆಯ ವ್ಯಾಕರಣವನ್ನು ವರ್ಷಗಟ್ಟಲೆ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಿದ್ದ ಅಧ್ಯಾಪಕರಿಗೆ ಮಾತ್ರ ಅದು ಇಷ್ಟು ಸಹಜವಾಗಿ ದಕ್ಕಬಹುದಿತ್ತು.

1981ರಿಂದ 1984ರವರೆಗೆ ಬರೆದ, ‘ಮಾರಾಟಕ್ಕಿರುವ ನಗರ’ ಎಂದು ಕರೆಯಬಹುದಾದ ಬೃಹತ್ ಕ್ಯಾನ್ವಾಸಿನಲ್ಲಿ ಈ ಭಾಷೆ ಕಹಿಯಾದ ವಿಷಯವೊಂದನ್ನು ಎದುರಿಸುತ್ತದೆ. ಕೋಮುಗಲಭೆಯ ಬೆಂಕಿಯಲ್ಲಿ ಬೇಯುತ್ತಿರುವ ಬರೋಡಾದ ನಡುವೆ ಚಿತ್ರಮಂದಿರವೊಂದರಲ್ಲಿ ‘ಸಿಲ್ಸಿಲಾ’ ಹಿಂದಿ ಚಲನಚಿತ್ರ ನಡೆಯುತ್ತಿದೆ. ಒಂದೆಡೆ ತರಕಾರಿಯ ಗಾಡಿ ತನ್ನ ಬಣ್ಣಗಳನ್ನೆಲ್ಲ ಹರಡಿಕೊಂಡು ನಿಂತಿದೆ. ಇನ್ನೊಂದೆಡೆ ಬೆಂಕಿಕಡ್ಡಿಯ ಸುತ್ತ ಮುಖಗಳು ಬಾಗಿವೆ, ಅದು ಧೂಮಪಾನಕ್ಕೆ ಹಚ್ಚಿದ ಕಡ್ಡಿಯೋ ಊರಿಗೆ ಹಚ್ಚುವ ಕಡ್ಡಿಯೋ ಎಂಬ ಶಂಕೆ ನೋಡುಗನನ್ನು ಬಿಡುವುದಿಲ್ಲ. ಸಿಯೆನಾದ ಪುರಭವನದಲ್ಲಿ ಒಳ್ಳೆಯ ಊರು ಮತ್ತು ಕೆಟ್ಟ ಊರು ಬೇರೆ ಬೇರೆ ಗೋಡೆಗಳ ಮೇಲಿದ್ದರೆ, ಬರೋಡಾದ ಈ ಚಿತ್ರದಲ್ಲಿ ಎರಡೂ ಒಂದೇ ಬೀದಿಯಲ್ಲಿ ಒತ್ತೊತ್ತಾಗಿ ನಿಂತಿವೆ. ಗಲಭೆ, ವ್ಯಾಪಾರ, ಮನರಂಜನೆಗಳು ಒಂದರ ಪಕ್ಕ ಒಂದು ನಡೆಯುವ ನಗರದ ನಿಜಸ್ಥಿತಿಯನ್ನು ಆ ಇಕ್ಕಟ್ಟೇ ಹೇಳುತ್ತದೆ. ಈ ಕೃತಿ ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹದಲ್ಲಿದೆ. ತರುಣ ಶೇಖ್ ಅಕ್ಬರನ ಪುಟಗಳನ್ನು ಕಂಡು ಕಲಿತದ್ದೂ ಅದೇ ಸಂಗ್ರಹಾಲಯದಲ್ಲಿ.

ಕಬೀರ, ಭೂಪಟ, ಕಾವಡ್

1992ರ ಅಯೋಧ್ಯೆಯ ಘಟನೆ ಮತ್ತು 2002ರ ಗುಜರಾತಿನ ಹಿಂಸೆಗಳು ಶೇಖ್ ಅವರ ಕಲೆಯ ಮೇಲೆ ಆಳವಾದ ಗುರುತು ಬಿಟ್ಟಿವೆ. ಒಂದೇ ಬೀದಿಯಲ್ಲಿ ಹಲವು ನಂಬಿಕೆಗಳು ಬದುಕಬಲ್ಲವೆಂಬ ಅವರ ಬಾಲ್ಯದ ಅನುಭವವೇ ಪ್ರಶ್ನೆಗೊಳಗಾದ ಆ ಕಾಲದಲ್ಲಿ ಅವರ ಚಿತ್ರಗಳಲ್ಲಿ ಕಬೀರನ ರೂಪ ಮತ್ತೆ ಮತ್ತೆ ಕಾಣಿಸಿಕೊಂಡಿತು. ಕಬೀರನ ನಿರ್ಗುಣ ಪದಗಳಿಗೆ, ಅಂದರೆ ರೂಪವಿಲ್ಲದ ದೈವವನ್ನು ಹಾಡುವ ರಚನೆಗಳಿಗೆ, ಆಧುನಿಕ ಭಾರತದಲ್ಲಿ ಹೊಸ ಕಿವಿಗಳನ್ನು ಒದಗಿಸಿದವರಲ್ಲಿ ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿ ಮಧ್ಯಪ್ರದೇಶದ ದೇವಾಸದಲ್ಲಿ ನೆಲೆಸಿದ ಕುಮಾರ ಗಂಧರ್ವರು ಮುಖ್ಯರು ಎಂಬುದನ್ನು ಕನ್ನಡಿಗರು ಇಲ್ಲಿ ನೆನೆಯಬಹುದು. ಗಾಯಕರ ಕಂಠದಲ್ಲಿ ಮರಳಿ ಬಂದ ಕಬೀರ ಚಿತ್ರಕಾರರ ಬಣ್ಣದಲ್ಲೂ ಮರಳಿ ಬಂದ.

ಅವನನ್ನು ಚಿತ್ರಕ್ಕೆ ತರುವ ಹಾದಿಯಲ್ಲಿ ಶೇಖ್ ಅವರಿಗಿಂತ ಮುಂಚೆ ನಡೆದವರು ಬಿನೋದ್ ಬಿಹಾರಿ ಮುಖರ್ಜಿ. ಶಾಂತಿನಿಕೇತನದ ಹಿಂದಿ ಭವನದ ಗೋಡೆಗಳ ಮೇಲೆ 1946–47ರಲ್ಲಿ ಅವರು ಬರೆದ ಮಧ್ಯಯುಗದ ಸಂತರ ಭಿತ್ತಿಚಿತ್ರದಲ್ಲಿ ಕಬೀರ, ಸೂರದಾಸ, ತುಲಸೀದಾಸರು ಜನರ ಪ್ರವಾಹದ ನಡುವೆ ನದಿಯಂತೆ ಸಾಗುತ್ತಾರೆ. 1950ರ ದಶಕದಲ್ಲಿ ಕಣ್ಣು ಪೂರ್ತಿ ಕಳೆದುಕೊಂಡ ಮೇಲೆ ಬಿನೋದ್ ಬಿಹಾರಿಯವರು ಶಾಂತಿನಿಕೇತನದ ಕಲಾಭವನದಲ್ಲಿ ಕಲಾ ಇತಿಹಾಸವನ್ನು ಬೋಧಿಸಿದರು. ಕಾಣದ ಚಿತ್ರಗಳನ್ನು ನೆನಪಿನಿಂದ ಮಾತಿನಲ್ಲಿ ಕಟ್ಟಿಕೊಟ್ಟ ಆ ಗುರು, ಚಿತ್ರಕಾರ ಮತ್ತು ಕಲಾ ಇತಿಹಾಸದ ಅಧ್ಯಾಪಕ ಒಬ್ಬರೇ ಆಗಿರುವ ಪರಂಪರೆಗೆ ಭಾರತದಲ್ಲಿ ದೊಡ್ಡ ನಿದರ್ಶನ. ಅವರ ಜನ್ಮಶತಮಾನೋತ್ಸವದ ಸಂದರ್ಭದಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಏರ್ಪಡಿಸಿದ ಸಮಗ್ರ ಪ್ರದರ್ಶನವನ್ನು ಶೇಖ್ ಮತ್ತು ಕಲಾ ಇತಿಹಾಸಕಾರ ಆರ್. ಶಿವಕುಮಾರ್ ಸೇರಿ ರೂಪಿಸಿದರು. ಬರೋಡಾದ ಅಧ್ಯಾಪಕರು ಶಾಂತಿನಿಕೇತನದ ಅಧ್ಯಾಪಕರಿಗೆ ಹೀಗೆ ಋಣ ಸಂದಾಯ ಮಾಡಿದರು.

2000ದ ದಶಕದ ಆರಂಭದಲ್ಲಿ ಶೇಖ್ ಕೈಗೆತ್ತಿಕೊಂಡ ‘ಮಾಪಾಮುಂಡಿ’ ಸರಣಿಗೆ ಬ್ರಿಟಿಷ್ ಲೈಬ್ರರಿಯಲ್ಲಿ ಸಿಕ್ಕ ಒಂದು ಪೋಸ್ಟ್‌ಕಾರ್ಡ್ ನಿಮಿತ್ತವಾಯಿತು. ಲ್ಯಾಟಿನ್ನಿನ ಬಟ್ಟೆ ಮತ್ತು ಜಗತ್ತು ಎಂಬ ಪದಗಳು ಕೂಡಿ ಆದ ಈ ಹೆಸರು ಮಧ್ಯಯುಗದ ಯೂರೋಪಿನ ಭೂಪಟಗಳಿಗೆ ಸಲ್ಲುತ್ತದೆ. ಆ ಪೋಸ್ಟ್‌ಕಾರ್ಡಿನಲ್ಲಿದ್ದದ್ದು ಹದಿಮೂರನೆಯ ಶತಮಾನದ, ಮೇಕೆಯ ಮೂವತ್ತು ಚರ್ಮಗಳನ್ನು ಜೋಡಿಸಿ ಬರೆದಿದ್ದ ಜರ್ಮನಿಯ ಎಬ್‌ಸ್ಟಾರ್ಫ್ ಭೂಪಟ. ಜಗತ್ತನ್ನು ಕ್ರಿಸ್ತನ ದೇಹವೆಂದೇ ಕಲ್ಪಿಸಿ, ಮೇಲೆ ಅವನ ತಲೆಯನ್ನೂ ಎರಡು ಬದಿಗೆ ಕೈಗಳನ್ನೂ ಕೆಳಗೆ ಪಾದಗಳನ್ನೂ ತೋರಿಸಿದ್ದ ಆ ಮೂಲಕೃತಿ 1943ರಲ್ಲಿ ಹ್ಯಾನೋವರ್ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಯುದ್ಧದಲ್ಲಿ ನಾಶವಾದ ಆ ಜಗತ್ತಿನ ಚಿತ್ರವನ್ನು ಶೇಖ್ ಡಿಜಿಟಲ್ ತಂತ್ರ ಮತ್ತು ಕೈಯಿಂದ ಬಳಿದ ಬಣ್ಣ ಎರಡನ್ನೂ ಬಳಸಿ ಮತ್ತೆ ಕಟ್ಟುತ್ತಾ, ಅದರ ಅಂಚುಗಳಲ್ಲಿ ಕಬೀರನಿಗೆ, ಮಜನೂನನಿಗೆ, ಮಗ್ದಲದ ಮರಿಯಳಿಗೆ, ಮಾಯಾಮೃಗದ ಹಿಂದೆ ಹೋಗುವ ರಾಮನಿಗೆ ಜಾಗ ಮಾಡಿಕೊಟ್ಟರು. ಎಲ್ಲೆಗಳನ್ನು ಗುರುತಿಸುವುದು ಭೂಪಟದ ಕೆಲಸ. ಈ ಭೂಪಟಗಳಲ್ಲಾದರೋ ಪ್ರೇಮದ, ವಿರಹದ, ಅರಸುವಿಕೆಯ ಕಥೆಗಳು ಎಲ್ಲೆಗಳನ್ನು ದಾಟಿ ನಡೆಯುತ್ತವೆ.

ರಾಜಸ್ಥಾನದ ‘ಕಾವಡ್’ ಅವರಿಗೆ ಇನ್ನೊಂದು ರೂಪವನ್ನು ಕೊಟ್ಟಿತು. ಚಿತ್ತೋಡಗಢದ ಸಮೀಪದ ಬಸ್ಸಿ ಗ್ರಾಮದ ಬಡಗಿಗಳು ಮರದಿಂದ ಮಾಡುವ ಈ ಪೆಟ್ಟಿಗೆಗೆ ಒಂದರೊಳಗೊಂದು ಮಡಚಿಕೊಳ್ಳುವ ಬಾಗಿಲುಗಳಿರುತ್ತವೆ, ಬಾಗಿಲುಗಳ ಮೇಲೆಲ್ಲ ಚಿತ್ರಗಳಿರುತ್ತವೆ. ಕಾವಡಿಯಾ ಭಾಟರೆಂಬ ಕಥೆಗಾರರು ಅದನ್ನು ಹೊತ್ತು ಮನೆಮನೆಗೆ ಹೋಗಿ, ಒಂದೊಂದೇ ಬಾಗಿಲು ತೆರೆಯುತ್ತಾ ದೇವರ ಕಥೆಯನ್ನೂ ಆ ಮನೆತನದ ವಂಶಾವಳಿಯನ್ನೂ ಹಾಡುತ್ತಾರೆ. ದೇವಸ್ಥಾನಕ್ಕೆ ಹೋಗಲಾಗದವರ ಮನೆಯ ಮುಂದೆ ದೇವಸ್ಥಾನವೇ ಬಂದು ನಿಲ್ಲುವ ಈ ವ್ಯವಸ್ಥೆಯನ್ನು ಶೇಖ್ ಮೊದಲು ಸಣ್ಣ ಪೆಟ್ಟಿಗೆಗಳಲ್ಲಿಯೂ ಅನಂತರ ನೋಡುಗರು ಒಳಗೆ ನಡೆದುಹೋಗಬಹುದಾದಷ್ಟು ದೊಡ್ಡ ರಚನೆಯಲ್ಲಿಯೂ ಪು​ನಃ ಸೃಷ್ಟಿಸಿದರು. ಚಲನಶೀಲ ದೃಷ್ಟಿಯೆಂದು ಪ್ರಬಂಧದಲ್ಲಿ ವಿವರಿಸಿದ ತತ್ವ ಇಲ್ಲಿ ನೋಡುಗನ ಕಾಲಿಗೇ ಬಂದಿತು. ಬಾಗಿಲು ತೆರೆದು ಸುತ್ತುವರಿಯದೆ ಕಾವಡ್ ಪೂರ್ತಿ ಕಾಣುವುದಿಲ್ಲ.

ಬರೆಯುವ ಕೈ, ಕಲಿಸುವ ಕೈ

ಶೇಖ್ ಗುಜರಾತಿಯ ಗಣ್ಯ ಕವಿಯೂ ಹೌದು. ಸುರೇಶ್ ಜೋಶಿಯವರಂಥ ಆಧುನಿಕ ಲೇಖಕರ ಒಡನಾಟದಲ್ಲಿ ಬೆಳೆದ ಅವರ ಮೊದಲ ಕವನಸಂಕಲನ ‘ಅಥವಾ’ 1974ರಲ್ಲಿ ಪ್ರಕಟವಾಯಿತು. ಮನೆಗೆ ಹೋಗುತ್ತಾ ಎಂಬರ್ಥದ ‘ಘೇರ್ ಜತಾಂ’ ಎಂಬ ಆತ್ಮಕಥನಾತ್ಮಕ ಗದ್ಯಕೃತಿ 2018ರಲ್ಲಿ ಬಂತು. ಮನೆಗೆ ಮರಳುವ ವಸ್ತು ಚಿತ್ರದಲ್ಲೂ ಗದ್ಯದಲ್ಲೂ ಮತ್ತೆ ಮತ್ತೆ ಬರುವುದು ಆಕಸ್ಮಿಕವಲ್ಲ. ಇಂಗ್ಲಿಷಿನಲ್ಲಿ ಅವರು ಬರೆದ ಕಲಾ ಇತಿಹಾಸದ ಪ್ರಬಂಧಗಳ ಜತೆಗೆ, 1997ರಲ್ಲಿ ಅವರು ಸಂಪಾದಿಸಿದ ಬರೋಡಾದ ಸಮಕಾಲೀನ ಕಲೆಯ ಕುರಿತ ಗ್ರಂಥವು ಒಂದು ಊರು ಹೇಗೆ ಕಲೆಯ ಕೇಂದ್ರವಾಗಿ ಬೆಳೆಯಿತೆಂಬುದರ ದಾಖಲೆಯಾಗಿದೆ.

ಕಲಾ ಇತಿಹಾಸದ ತರಗತಿಗಳಲ್ಲಿ ಎರಡು ಚಿತ್ರಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ಹೋಲಿಸಿ ತೋರಿಸುವುದು ಜಗತ್ತಿನೆಲ್ಲೆಡೆ ರೂಢಿಯಲ್ಲಿರುವ ವಿಧಾನ. ಬೇರೆ ದೇಶದ, ಬೇರೆ ಶತಮಾನದ ಎರಡು ಕೃತಿಗಳು ಹತ್ತಿರ ಬಂದಾಗ ಒಂದರ ಗುಣ ಇನ್ನೊಂದರ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಶೇಖ್ ಅವರ ಪ್ರೌಢ ಚಿತ್ರಗಳೂ ಇದೇ ಬಗೆಯಲ್ಲಿ ಕೆಲಸ ಮಾಡುತ್ತವೆ. ಸಂತ ಫ್ರಾನ್ಸಿಸ್ ಮತ್ತು ಕಬೀರ, ಸಿಯೆನಾ ಮತ್ತು ಬರೋಡಾ, ಪರ್ಷಿಯಾದ ದೇವದೂತ ಮತ್ತು ಸುರೇಂದ್ರನಗರದ ತಾಯಿ ಅಕ್ಕಪಕ್ಕ ಬಂದು ನಿಲ್ಲುತ್ತಾರೆ, ತೀರ್ಪು ನೋಡುಗನಿಗೆ ಬಿಟ್ಟದ್ದು. ತರಗತಿಯಲ್ಲಿ ಈ ಹೋಲಿಕೆ ತಿಳಿವಳಿಕೆಯನ್ನು ಬೆಳೆಸಿದರೆ, ಚಿತ್ರದಲ್ಲಿ ಅದು ಸಹಬಾಳ್ವೆಯ ರೂಪಕವಾಗುತ್ತದೆ. ಕೋಮುಗಳನ್ನು ಬೇರ್ಪಡಿಸುವ ಮಾತು ಜೋರಾಗಿರುವ ಕಾಲದಲ್ಲಿ ಚಿತ್ರಗಳನ್ನು ಹತ್ತಿರ ತಂದು ನಿಲ್ಲಿಸುವ ಈ ಕೆಲಸದ ಬೆಲೆ ದೊಡ್ಡದು.

ಬರೋಡಾದ ನಿಕಾಯದ ಪ್ರಭಾವ ಗುಜರಾತಿಗೆ ಸೀಮಿತವಾಗಲಿಲ್ಲ. ಕರ್ನಾಟಕದಿಂದಲೂ ಅನೇಕರು ಅಲ್ಲಿ ಓದಿದರು, ಬೆಂಗಳೂರಿನವರಾದ ಎನ್. ಪುಷ್ಪಮಾಲಾ 1980ರ ದಶಕದ ಮೊದಲ ಭಾಗದಲ್ಲಿ ಅಲ್ಲಿ ಶಿಲ್ಪಕಲೆಯನ್ನು ಕಲಿತರು, ಮುಂದೆ ರವಿವರ್ಮನ ದೇವಿಯರಿಂದ ಚಲನಚಿತ್ರದ ದೃಶ್ಯಗಳವರೆಗೆ ಹಳೆಯ ಚಿತ್ರಗಳನ್ನು ತಾವೇ ವೇಷ ತೊಟ್ಟು ಮರುಸೃಷ್ಟಿಸುವ ಛಾಯಾಕೃತಿಗಳಿಂದ ಪ್ರಸಿದ್ಧರಾದರು. ಚಿತ್ರಗಳ ಚರಿತ್ರೆಯನ್ನೇ ಕಚ್ಚಾ ಸಾಮಗ್ರಿಯಾಗಿ ಬಳಸುವ ಅವರ ಕ್ರಮ, ಸ್ಟುಡಿಯೊ ಮತ್ತು ಇತಿಹಾಸದ ತರಗತಿಗಳ ನಡುವೆ ಗೋಡೆ ಕಟ್ಟದ ಶಿಕ್ಷಣದ ವಾತಾವರಣದಲ್ಲಿ ಬೆಳೆದ ತಲೆಮಾರಿಗೆ ಸಹಜವಾಗಿತ್ತು.

ಪದ್ಮಶ್ರೀ 1983ರಲ್ಲಿ, ಕಾಳಿದಾಸ ಸಮ್ಮಾನ 2002ರಲ್ಲಿ, ಪದ್ಮಭೂಷಣ 2014ರಲ್ಲಿ ಶೇಖ್ ಅವರಿಗೆ ಸಂದವು. 2025ರಲ್ಲಿ ದೆಹಲಿಯ ಕಿರಣ್ ನಾಡಾರ್ ಕಲಾ ಸಂಗ್ರಹಾಲಯವು ಅವರ ಆರು ದಶಕಗಳ ಕೃತಿಗಳನ್ನು ಒಟ್ಟುಗೂಡಿಸಿ, ಲೋಕಗಳೊಳಗಿನ ಲೋಕಗಳು ಎಂಬರ್ಥದ ಹೆಸರಿನಲ್ಲಿ ಬೃಹತ್ ಪ್ರದರ್ಶನವನ್ನು ನಡೆಸಿತು. ಆ ಹೆಸರು ಅವರ ಚಿತ್ರಗಳಿಗೆ ಹೊಂದುವಷ್ಟೇ ಅವರ ಪಾಠಗಳಿಗೂ ಹೊಂದುತ್ತದೆ. ಅಕ್ಬರನ ಆನೆಯ ಪುಟವನ್ನು ತೋರಿಸಿ, ಇದನ್ನು ಎಲ್ಲಿ ನಿಂತು ನೋಡಬೇಕು ಎಂದು ವಿದ್ಯಾರ್ಥಿಗಳನ್ನು ಕೇಳುವ ಯಾವ ಅಧ್ಯಾಪಕನೂ ಬೇಗನೆ ಒಂದು ಉತ್ತರಕ್ಕೆ ಬರುತ್ತಾನೆ: ಇದನ್ನು ಒಂದೇ ಕಡೆ ನಿಂತು ನೋಡಲಾಗದು, ನಡೆಯಬೇಕು, ದಡ ಬದಲಿಸಬೇಕು, ನೀರಿಗೆ ಬಿದ್ದವನ ಕಡೆಯಿಂದಲೂ ನೋಡಬೇಕು. ಸುರೇಂದ್ರನಗರದ ಓಣಿಯಲ್ಲಿ ಬೆಳೆದ ಹುಡುಗನಿಗೆ ಬದುಕು ಕಲಿಸಿದ್ದ ಈ ಪಾಠವನ್ನು ಚರಿತ್ರೆಯ ಪುಟಗಳಲ್ಲಿ ಮತ್ತೆ ಕಂಡುಕೊಂಡು, ತರಗತಿಯಲ್ಲಿ ಮಾತಿನಿಂದಲೂ ಕ್ಯಾನ್ವಾಸಿನಲ್ಲಿ ಬಣ್ಣದಿಂದಲೂ ಅದನ್ನು ಮುಂದಿನವರಿಗೆ ದಾಟಿಸಿದ್ದು ಗುಲಾಮ್ ಮೊಹಮ್ಮದ್ ಶೇಖ್ ಅವರ ಜೀವಮಾನದ ದುಡಿಮೆ.